ಐಸ್ ಮೇಲೆ ಇಬ್ಬರು ವಾರಗಿತ್ತಿಯರು

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಆ ಬಾಯಿಯೇ ಕಾರಣ. ಕಲ್ವರ್ ಸಿಟಿಯ ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಬೆಳಿಗ್ಗೆ ಬಂದ ಕೂಡಲೇ ಹೆಡ್‌ಫೋನ್ ಏರಿಸಿಕೊಳ್ಳುತ್ತಾರೆ. ಪೋರ್ಟರ್ ರ್ಯಾಂಚ್‌ನ ಮನೆಯ ಹಿತ್ತಿಲಲ್ಲಿ ನಿಂತು ಗಂಡನನ್ನು ಕರೆದರೆ ಮೂರನೆಯ ಮನೆಯ ನಾಯಿ ಬೊಗಳುತ್ತದೆ. ನಾನು ಬೆಳೆದದ್ದು ಬೆಂಗಳೂರಿನ ಒಂದು ವಠಾರದಲ್ಲಿ. ಹತ್ತು ಮನೆಗೆ ಒಂದೇ ನಲ್ಲಿ. ಮೆಲ್ಲಗೆ ಮಾತಾಡುವವರ ಬಿಂದಿಗೆ ಅಲ್ಲಿ ತುಂಬುತ್ತಿರಲಿಲ್ಲ.

ಇಲ್ಲಿ ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಧಾರವಾಡದವರು, ನನಗಿಂತ ಆರು ವರ್ಷ ದೊಡ್ಡವರು. ಭಾವ ನಮ್ಮಿಂದ ಕಾರಿನಲ್ಲಿ ಮೂರು ಗಂಟೆ ದೂರದ ಸ್ಯಾನ್ ಡಿಯೇಗೋದಲ್ಲಿ ಟೆಲಿಕಾಂ ಇಂಜಿನಿಯರ್ ಆಗಿದ್ದರು. ಹಬ್ಬ ಬಂದರೆ ಅವರು ಇಲ್ಲಿಗೆ ಬರಬೇಕು, ಇಲ್ಲ ನಾವು ಅಲ್ಲಿಗೆ ಹೋಗಬೇಕು. ಸೇರಿದ ಅರ್ಧ ಗಂಟೆಗೆಲ್ಲ ಅಡುಗೆಮನೆಯಲ್ಲಿ ನನಗೂ ಅಕ್ಕನಿಗೂ ಹತ್ತಿಕೊಳ್ಳುತ್ತಿತ್ತು. "ನಿನ್ನ ಸಾರು ಯಾವತ್ತಿದ್ರೂ ಸಪ್ಪಗ" ಎಂದು ಅವರು, "ನಿಮ್ಮದು ಬರೀ ಖಾರ, ನಾಲಿಗೆ ಸುಟ್ಟುಹೋಗುತ್ತೆ" ಎಂದು ನಾನು. ದನಿ ಏರುತ್ತಾ ಹೋಗಿ ಪಾತ್ರೆಗಳೂ ಸದ್ದು ಮಾಡತೊಡಗಿದಾಗ ಭಾವ ಹಾಲ್‌ನಿಂದ ಕೂಗುತ್ತಿದ್ದರು: "ಏ, ಒಳಗ ರೆಫ್ರಿ ಬೇಕೇನು?" ನಾವಿಬ್ಬರೂ ಒಟ್ಟಿಗೇ "ಬೇಡ!" ಎನ್ನುತ್ತಿದ್ದೆವು. ಪ್ರತಿ ಹಬ್ಬಕ್ಕೂ ಇದೇ ಆಗುತ್ತಿತ್ತು, ನಮಗದು ಒಬ್ಬಟ್ಟಿನಷ್ಟೇ ಖಾಯಂ.

ರೆಫ್ರಿ ಎನ್ನುವ ಮಾತು ಭಾವನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ನಲವತ್ತು ದಾಟಿದ ಮೇಲೆ ಆ ಮನುಷ್ಯ ಐಸ್ ಹಾಕಿ ಕಲಿತರು. ಆಫೀಸಿನವರ ಜೊತೆ ಒಂದು ಸಲ ಹೋದವರು ಆಮೇಲೆ ಒಂದು ಭಾನುವಾರವನ್ನೂ ಬಿಡಲಿಲ್ಲ. ಅಕ್ಕ ಶಾಲು ಹೊದ್ದು, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಆ ಐಸ್ ಅಂಗಳದ, ಅಂದರೆ ರಿಂಕ್‌ನ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಹಾಗೆ ಎಂಟು ವರ್ಷ. ಅವರಿಗೆ ಸ್ಕೇಟ್ ಮೇಲೆ ನಿಲ್ಲಲು ಬರುತ್ತಿರಲಿಲ್ಲ, ಆದರೆ ಆಟವನ್ನು ಅರೆದು ಕುಡಿದಿದ್ದರು.

2020 ಮುಗಿಯುವ ಹೊತ್ತಿಗೆ ಭಾವ ಕೋವಿಡ್‌ನಲ್ಲಿ ಹೋದರು. ಆಸ್ಪತ್ರೆಯ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ, ಅಕ್ಕ ಕೊನೆಯದಾಗಿ ಅವರನ್ನು ನೋಡಿದ್ದು ಫೋನಿನಲ್ಲಿ. ಮುಂದಿನ ಬೇಸಿಗೆ ಮುಗಿದಾಗ ಅವರ ಮಗಳು ಸ್ಯಾನ್ ಡಿಯೇಗೋದಲ್ಲೇ ಕಾಲೇಜು ಹಾಸ್ಟೆಲ್ ಸೇರಿದಳು. ನಾವು ಹೋಗಿ ಅಕ್ಕನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆವು. ನಾಲ್ಕು ಸೂಟ್‌ಕೇಸು, ಒಂದು ಗ್ರೈಂಡರು, ಭಾವನ ಹಾಕಿ ಸ್ಟಿಕ್. ಸ್ಟಿಕ್ಕನ್ನು ಅವರೇ ಗ್ಯಾರೇಜ್ ಬಾಗಿಲ ಹಿಂದೆ ನಿಲ್ಲಿಸಿದರು.

ಆಮೇಲೆ ನಮ್ಮ ಮನೆ ಮೆತ್ತಗಾಯಿತು. ನನ್ನ ಗಂಡ ಟಿವಿಯ ಸದ್ದು ಇಳಿಸಿದ. ನಾನೂ ಇಳಿದೆ. ಆಫೀಸಿನಲ್ಲಿ ಎಷ್ಟು ಕಿರುಚಾಡಿ ಬಂದರೂ ಮನೆಯ ಬಾಗಿಲಲ್ಲಿ ದನಿ ತಗ್ಗಿಸುತ್ತಿದ್ದೆ. "ಅಕ್ಕ, ಏನು ಅಡುಗೆ ಮಾಡ್ಲಿ?" ಎಂದರೆ "ನೀ ಹೆಂಗಂತಿ ಹಂಗ" ಎನ್ನುತ್ತಿದ್ದರು. ಊಟಕ್ಕೆ ಕೂತರೆ ಒಂದು ತುತ್ತು ತಿಂದು "ಚೊಲೋ ಆಗೈತಿ" ಎನ್ನುತ್ತಿದ್ದರು. ದಿನವೂ ಚೊಲೋ ಆಗಿರುತ್ತಿತ್ತು. ಮಿಕ್ಕ ಹೊತ್ತೆಲ್ಲ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಗುಡ್ಡ ನೋಡುವುದು, ಇಲ್ಲವೇ ಒಗೆದ ಬಟ್ಟೆ ಮಡಚುವುದು. ಅವರ ಮಗಳು ವಾರಕ್ಕೊಮ್ಮೆ ನನಗೆ ಬೇರೆಯಾಗಿ ಫೋನ್ ಮಾಡಿ, "ಚಿಕ್ಕಮ್ಮಾ, ಈಸ್ ಶೀ ಓಕೆ?" ಎಂದು ಕೇಳುತ್ತಿದ್ದಳು. "ನಾನಿದೀನಲ್ಲ ಕಣೇ, ನೋಡ್ಕೋತೀನಿ" ಎನ್ನುತ್ತಿದ್ದೆ. ಹಾಗೆ ಹೇಳಿ ಫೋನ್ ಇಟ್ಟ ಮೇಲೆ ನನಗೆ ಹೆದರಿಕೆಯಾಗುತ್ತಿತ್ತು. ಅಕ್ಕ ಆ ಕುರ್ಚಿ ಬಿಟ್ಟು ಏಳುವುದೇ ಇಲ್ಲವೇನೋ ಎನ್ನಿಸುತ್ತಿತ್ತು.

2023ರ ಶುರುವಿನಲ್ಲಿ ಆಫೀಸಿನವರೊಬ್ಬರ ಮಗುವಿನ ಹುಟ್ಟುಹಬ್ಬಕ್ಕೆಂದು ಒಂದು ರಿಂಕ್‌ಗೆ ಹೋಗಿದ್ದೆ. ಗೋಡೆಯ ಮೇಲೆ ಚೀಟಿ ಅಂಟಿಸಿದ್ದರು: ಹಾಕಿ ಗೊತ್ತಿಲ್ಲದ ಹೆಂಗಸರಿಗೆ ಹಾಕಿ, ಯಾವ ವಯಸ್ಸಾದರೂ ಸರಿ, ಭಾನುವಾರ ಬೆಳಿಗ್ಗೆ. ನಾನು ಯಾರನ್ನೂ ಕೇಳದೆ ಇಬ್ಬರ ಹೆಸರನ್ನೂ ಬರೆದು ಬಂದುಬಿಟ್ಟೆ. ಮಾರನೆಯ ದಿನ ತಿಂಡಿಯ ಹೊತ್ತಿಗೆ ಹೇಳಿದಾಗ "ನೀ ಹೆಂಗಂತಿ ಹಂಗ" ಬರುತ್ತದೆಂದು ಕಾದೆ. ಅಕ್ಕ ತಟ್ಟೆ ಪಕ್ಕಕ್ಕಿಟ್ಟು ಗ್ಯಾರೇಜಿಗೆ ಹೋದರು. ಭಾವನ ಸ್ಟಿಕ್ ತಂದು ನೆಲಕ್ಕೂರಿ, ಅದರ ತುದಿ ತಮ್ಮ ಹಣೆಗೆ ಬರುವುದನ್ನು ನೋಡಿದರು. "ಇದು ನಂಗ ಉದ್ದ ಆಕ್ಕೈತಿ. ಕೊಯ್ಸಬೇಕು" ಎಂದರು.

ಕಲಿತ ಕಥೆಯನ್ನು ಹಿಗ್ಗಿಸುವುದಿಲ್ಲ. ಬಿದ್ದೆವು, ಎದ್ದೆವು. ನಲವತ್ತಾರು ಮತ್ತು ಐವತ್ತೆರಡು ವರ್ಷದ ಸೊಂಟಗಳು, ಮನೆಗೆ ಬಂದ ಮೇಲೆ ಮೂವ್ ಹಚ್ಚಿಕೊಂಡು ಕೂರುತ್ತಿದ್ದೆವು. ಎಂಟು ತಿಂಗಳಿಗೆ ನಮ್ಮಂಥವರನ್ನೆಲ್ಲ ಸೇರಿಸಿ ಒಂದು ತಂಡ ಮಾಡಿದರು. ಲೀಗಿನ ಕಟ್ಟಕಡೆಯ ದರ್ಜೆ. ಕೋಚ್ ಅರವತ್ತರ ಹತ್ತಿರದ ಹೆಂಗಸು, ಮಿನೆಸೋಟಾ ಕಡೆಯವರು, ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಮಾತು ಕಡಿಮೆ. ಮ್ಯಾಗ್ನೆಟ್ ಬಿಲ್ಲೆಗಳ ಒಂದು ಬಿಳಿ ಹಲಗೆ ಸದಾ ಅವರ ಕಂಕುಳಲ್ಲಿ.

ಆ ಹಲಗೆಯ ಗುಟ್ಟನ್ನು ನನಗೆ ಬಿಡಿಸಿ ಹೇಳಿದ್ದು ಅಕ್ಕ. ಅದೂ ಅಡುಗೆಮನೆಯಲ್ಲಿ, ಒಗ್ಗರಣೆ ಡಬ್ಬಿಯ ಬಟ್ಟಲುಗಳನ್ನು ಹೊರತೆಗೆದು ಕಟ್ಟೆಯ ಮೇಲೆ ಜೋಡಿಸಿ. ಹೊಡೆದಾಟವೆಲ್ಲ ಪಕ್ ಎಂಬ ಒಂದು ಕರೀ ರಬ್ಬರ್ ಬಿಲ್ಲೆಗಾಗಿ. ಒಂದು ಸಲಕ್ಕೆ ಐಸ್ ಮೇಲೆ ಆರು ಜನ. ಗೋಲ್ ಕಾಯುವವಳು ಒಬ್ಬಳು. ಮುಂದೆ ಮೂವರು ಫಾರ್ವರ್ಡ್, ಹಿಂದೆ ಇಬ್ಬರು ಡಿಫೆನ್ಸ್. ಒಂದು ನಿಮಿಷವೂ ಆಗುವುದರೊಳಗೆ ಉಸಿರು ಕಟ್ಟುತ್ತದೆ, ಬೆಂಚಿಗೆ ಬಂದುಬಿಡಬೇಕು, ಇನ್ನೊಂದು ಗುಂಪು ಇಳಿಯುತ್ತದೆ. ಹಾಗಾಗಿ ಯಾರು ಯಾರ ಜೊತೆ ಇಳಿಯಬೇಕು ಎನ್ನುವುದೇ ಕೋಚ್‌ನ ದೊಡ್ಡ ಕೆಲಸ.

"ಮುಂದಿನ ಮೂರರಾಗ ಒಬ್ಬಾಕಿ ಮೂಲ್ಯಾಗ ಹೊಕ್ಕು ಪಕ್ ಕಿತ್ತುಕೊಂಡು ಬರಾಕಿ ಇರಬೇಕು" ಎಂದು ಅಕ್ಕ ಸಾಸಿವೆಯ ಬಟ್ಟಲನ್ನು ಸರಿಸಿದರು. "ಒಬ್ಬಾಕಿ ಕಣ್ಣು ಚುರುಕಿರಾಕಿ, ಯಾರಿಗೆ ಕೊಡಬೇಕು ತಿಳ್ಯಾಕಿ. ಇನ್ನೊಬ್ಬಾಕಿ ಹೊಡ್ಯಾಕಿ. ಮೂರೂ ಮಂದಿ ಹೊಡ್ಯಾರಾದ್ರ ತಂದು ಕೊಡಾರು ಯಾರು? ಅದಕ್ಕ ಚೊಲೋ ಕೋಚ್ ಏನು ಮಾಡ್ತಾಳಂದ್ರ, ಇಬ್ಬರು ಕೂಡಿಕೊಂಡ್ರು ಅಂದ್ರ ಅವರನ್ನ ಮುಟ್ಟಂಗಿಲ್ಲ. ಮೂರನೇದಾಕೀನ ಅಷ್ಟ ಬದಲಿ ಮಾಡಿ ನೋಡ್ತಾಳ."

"ಹಿಂದಿನ ಇಬ್ಬರು?"

"ಒಬ್ಬಾಕಿ ಬಲಗಡೆ ಸ್ಟಿಕ್ ಹಿಡ್ಯಾಕಿ, ಒಬ್ಬಾಕಿ ಎಡಗಡೆ. ಒಬ್ಬಾಕಿ ಮುಂದ ನುಗ್ಗಾಕಿ, ಒಬ್ಬಾಕಿ ಮನಿ ಕಾಯಾಕಿ." ಜೀರಿಗೆ, ಮೆಂತ್ಯದ ಬಟ್ಟಲುಗಳನ್ನು ಅಕ್ಕಪಕ್ಕ ಇಟ್ಟು, ಮೆಂತ್ಯದ್ದನ್ನು ಬೆರಳಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿದರು. "ನಿಮ್ಮ ಭಾವ ಮನಿ ಕಾಯಾವ್ರು" ಎಂದರು. ಭಾವ ಹೋದ ಮೇಲೆ ಅಕ್ಕ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಾನು ಬಲಗಡೆ, ಅಕ್ಕ ಎಡಗಡೆ. ನಾನು ನುಗ್ಗುವವಳು, ಅವರು ಕಾಯುವವರು. ನಾವಿಬ್ಬರೇ ಜೋಡಿ ಎಂದು ನಾನು ಕೋಚ್‌ನ ಹಿಂದೆ ಬಿದ್ದೆ. ನಾವು ಒಂದೇ ಮನೆಯವರು, ಒಂದೇ ಅಡುಗೆಮನೆಯಲ್ಲಿ ಕೈಗೆ ಕೈ ತಗಲದಂತೆ ಕೆಲಸ ಮಾಡುವವರು, ನಮ್ಮಷ್ಟು ಹೊಂದಿಕೆ ಇನ್ಯಾರಿಗಿದೆ ಎಂದು ವಾದಿಸಿದೆ. ಜೋಡಿ ಮಾಡುವ ಮುಂಚೆ ಆಕೆ ಎಲ್ಲರಿಗೂ ಮೂರು ಪ್ರಶ್ನೆ ಕೇಳುತ್ತಿದ್ದರು. ಸ್ಟಿಕ್ ಯಾವ ಕಡೆ? ಮುಂದೆ ಹೋಗುತ್ತೀಯೋ ನಿಲ್ಲುತ್ತೀಯೋ? ಜೊತೆಯವಳು ತಪ್ಪು ಮಾಡಿದರೆ ಅವಳಿಗೆ ಹೇಗೆ ಹೇಳುತ್ತೀ? ಮೂರನೆಯದಕ್ಕೆ ನಾನು ಹೆಮ್ಮೆಯಿಂದ, "ಹೇಳುವುದೇ ಇಲ್ಲ. ನಾವು ಯಾವತ್ತೂ ಜಗಳ ಆಡುವುದಿಲ್ಲ" ಎಂದೆ. ಕೋಚ್ ಹುಬ್ಬು ಏರಿಸಿದರೂ ಬಿಲ್ಲೆಗಳನ್ನು ಅಕ್ಕಪಕ್ಕ ಅಂಟಿಸಿದರು.

ಇನ್ನೊಂದು ಘನಕಾರ್ಯವನ್ನೂ ಆ ವಾರವೇ ಮಾಡಿದೆ. ಡ್ರೆಸ್ಸಿಂಗ್ ರೂಮಿನಲ್ಲಿ ಅಕ್ಕ ಇಲ್ಲದ ಹೊತ್ತು ನೋಡಿ, ತಂಡದ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದೆ. ಅವರ ಗಂಡ ಕೋವಿಡ್‌ನಲ್ಲಿ ತೀರಿಕೊಂಡಿದ್ದಾರೆ, ತುಂಬಾ ಸೂಕ್ಷ್ಮ, ದಯವಿಟ್ಟು ಮೆಲ್ಲಗೆ ಮಾತಾಡಿ, ಅವರ ಮೇಲೆ ಕೂಗಬೇಡಿ ಎಂದು ಹೇಳಿದೆ. ಗೋಲ್ ಕಾಯುವವಳಿಗೂ ಹೇಳಿದೆ, ಕೋಚ್‌ಗೂ ಹೇಳಿದೆ. ನಮ್ಮಲ್ಲಿ ಹಾಗೇ ಅಲ್ಲವೇ, ಸಾವಾದ ಮನೆಯವರು ಬಂದರೆ ಅವರು ಒಳಗೆ ಕಾಲಿಡುವ ಮುಂಚೆಯೇ ಸುದ್ದಿ ಹೋಗಿ ಎಲ್ಲರೂ ತಯಾರಾಗಿರುತ್ತಾರೆ. ನಾನು ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಎಲ್ಲರೂ ಪಾಪ, ಕಣ್ಣು ತುಂಬಿಕೊಂಡು ಒಪ್ಪಿದರು.

ಐಸ್ ಹಾಕಿಯಲ್ಲಿ ಕೂಗದೆ ಆಗುವುದಿಲ್ಲ. ಪಕ್ ಹಿಂದಿನ ಮೂಲೆಗೆ ಜಾರಿತೆಂದರೆ ಅದನ್ನು ತರಲು ಇಬ್ಬರಲ್ಲಿ ಒಬ್ಬಳು ಹೋಗಬೇಕು, ಇನ್ನೊಬ್ಬಳು ಗೋಲ್ ಮುಂದೆ ನಿಲ್ಲಬೇಕು. ತರಲು ಹೋದವಳ ಬೆನ್ನು ಆಟಕ್ಕೆ, ಮುಖ ಗೋಡೆಗೆ. ಹಿಂದೆ ಯಾರು ಬರುತ್ತಿದ್ದಾರೆ ಎನ್ನುವುದು ಜೊತೆಯವಳ ಬಾಯಿಂದ ಗೊತ್ತಾಗಬೇಕು. ನನ್ನದು, ನಿನ್ನದು, ಹಿಂದೆ ಬಂದರು, ತಿರುಗು. ಒಂದೊಂದೇ ಮಾತು, ಜೋರಾಗಿ. ಅಕ್ಕನ ಜೊತೆ ಇದ್ದಾಗ ನನ್ನ ಗಂಟಲಿನಿಂದ ಅದು ಹೊರಡಲೇ ಇಲ್ಲ. ರೆಫ್ರಿಯ ಮೇಲೆ ಕೂಗಿದೆ, ನಮ್ಮ ಗೋಲ್ ಕಾಯುವವಳ ಮೇಲೆ ಕೂಗಿದೆ, ಎದುರು ತಂಡದವಳೊಬ್ಬಳಿಗೆ ಅಚ್ಚ ಕನ್ನಡದಲ್ಲಿ ಬೈದೆ. ಅಕ್ಕನ ಹತ್ತಿರ ಬಂದರೆ ಮಾತ್ರ ಹಾಸಿಗೆ ಹಿಡಿದವರ ಹತ್ತಿರ ಮಾತಾಡಿದ ಹಾಗೆ, "ಅಕ್ಕ, ನೀವು ಇರಿ, ನಾನು ತಗೋತೀನಿ." ಆ ವಾಕ್ಯ ಮುಗಿಯುವ ಹೊತ್ತಿಗೆ ಪಕ್ ನಮ್ಮ ಗೋಲಿನೊಳಗಿರುತ್ತಿತ್ತು.

ಅಷ್ಟೇ ಅಲ್ಲ. ಅವರ ಕಡೆ ಬಂದದ್ದಕ್ಕೂ ನಾನೇ ಓಡುತ್ತಿದ್ದೆ. ಯಾರಾದರೂ ಅವರಿಗೆ ಡಿಕ್ಕಿ ಹೊಡೆದಾರು ಎಂಬ ಹೆದರಿಕೆ. ನಾನು ಅವರ ಮೂಲೆಯಲ್ಲಿ, ನನ್ನ ಜಾಗ ಖಾಲಿ, ಅಕ್ಕ ನಡುವೆ ಎತ್ತಲೂ ಹೋಗಲಾರದೆ ನಿಂತಿರುತ್ತಿದ್ದರು. ಆಟದಿಂದ ಆಟಕ್ಕೆ ಅವರು ಚಿಕ್ಕವರಾಗುತ್ತಾ ಬಂದರು. ಬೆಂಚಿಗೆ ಬಂದರೆ ಹೆಲ್ಮೆಟ್ ಕೂಡ ತೆಗೆಯದೆ ಕೂತುಬಿಡುತ್ತಿದ್ದರು. ಒಂದು ಭಾನುವಾರ ಕಾರಿನಲ್ಲಿ, "ಮುಂದಿನ ವಾರ ನೀ ಒಬ್ಬಾಕಿನ ಹೋಗ್ತಿಯೇನು?" ಎಂದು ಕೇಳಿದರು. ಕಿಟಕಿಯ ಕುರ್ಚಿ ಕಣ್ಣ ಮುಂದೆ ಬಂತು.

ಆ ಹೊತ್ತಿಗೇ ತಂಡಕ್ಕೆ ಹೊಸಬಳೊಬ್ಬಳು ಬಂದಳು. ಪಕ್ಕದ ಊರು ಗ್ಲೆಂಡೇಲ್‌ನವಳು, ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಕೆಲಸ, ಮೂವತ್ತು ಇರಬಹುದು. ನನ್ನ ಬಾಯಿ ಜೋರು ಎಂದೆನಲ್ಲ, ಅವಳ ಮುಂದೆ ನಾನು ಮೂಕಿ. ಅವಳಿಗೆ ಅಕ್ಕನ ವಿಷಯ ಹೇಳಬೇಕೆಂದುಕೊಂಡರೂ ಹೊತ್ತು ಸಿಕ್ಕಿರಲಿಲ್ಲ.

ಆ ವಾರವೇ, ಗುರುವಾರ ಮಧ್ಯಾಹ್ನ ನಾನು ಮೀಟಿಂಗಿನಲ್ಲಿದ್ದಾಗ ಕೋಚ್ ತಂಡದ ಗ್ರೂಪಿಗೆ ಹಲಗೆಯ ಫೋಟೋ ಹಾಕಿದರು. ನನ್ನ ಬಿಲ್ಲೆಯ ಪಕ್ಕ ಬೇರೆ ಯಾರೋ. ಅಕ್ಕನ ಪಕ್ಕ ಗ್ಲೆಂಡೇಲ್‌ನವಳು. ನನಗೆ ಸಿಟ್ಟು ನೆತ್ತಿಗೇರಿತು. ಪಾರ್ಕಿಂಗ್‌ಗೆ ಇಳಿದು ಕೋಚ್‌ಗೆ ಫೋನ್ ಮಾಡಿದೆ.

"ನಿಮಗೆ ಬುದ್ಧಿ ಇದೆಯಾ? ಅವರು ಬರುವುದನ್ನೇ ಬಿಟ್ಟುಬಿಡುತ್ತಾರೆ. ಬಿಟ್ಟರೆ ಮತ್ತೆ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ನಾನು ಅವರ ಮಗಳಿಗೆ ಮಾತು ಕೊಟ್ಟಿದ್ದೇನೆ!"

ಕೋಚ್ ಪೂರ್ತಿ ಕೇಳಿಸಿಕೊಂಡರು. "ನೀನು ಆಟದಲ್ಲಿ ಪಕ್ ನೋಡುವುದಿಲ್ಲ, ಅವಳನ್ನು ನೋಡುತ್ತೀ. ಐದು ಆಟ ಕಾದೆ. ಭಾನುವಾರ ಬಾ" ಎಂದರು. ನಾನು ಬರುವುದಿಲ್ಲ ಎಂದು ಕೂಗಿ ಫೋನ್ ಇಟ್ಟೆ. ಭಾನುವಾರ ಎಲ್ಲರಿಗಿಂತ ಮುಂಚೆ ಹೋಗಿ ನಿಂತೆ.

ಅವತ್ತು ನಾನು ಬೆಂಚಿನಲ್ಲಿ ಕೂತು ಕಂಡದ್ದು ಇಷ್ಟು. ಪಕ್ ಅಕ್ಕನ ಮೂಲೆಗೆ ಹೋಯಿತು. ಗ್ಲೆಂಡೇಲ್‌ನವಳು ಇಡೀ ರಿಂಕ್ ಅದುರುವ ಹಾಗೆ, "ಯುವರ್ಸ್! ಗೋ! ಗೋ!" ಎಂದು ಅರಚಿದಳು. ಅಕ್ಕ ಬೆಚ್ಚಿದರು. ಆಮೇಲೆ ಹೋದರು. "ಬಿಹೈಂಡ್ ಯೂ! ಟರ್ನ್! ಓ ಮೈ ಗಾಡ್, ಟರ್ನ್!" ಅಕ್ಕ ತಿರುಗಿದರು. ಹಿಂದೆ ಬಂದವಳು ಗೋಡೆಗೆ ಹೋಗಿ ಬಡಿದಳು, ಪಕ್ ಅಕ್ಕನ ಸ್ಟಿಕ್‌ನಲ್ಲೇ ಇತ್ತು. ಗೋಡೆಗುಂಟ ಅವರು ಅದನ್ನು ದೂಡಿದ ಜಾಗದಲ್ಲಿ ನಮ್ಮ ಫಾರ್ವರ್ಡ್ ಒಬ್ಬಳು ಕಾಯುತ್ತಿದ್ದಳು. ಕೋಚ್ ಆ ಇಬ್ಬರ ಮುಂದೆ ಯಾವಾಗಲೂ ಅದೇ ಮೂವರನ್ನು ಇಳಿಸುತ್ತಿದ್ದದ್ದು ನನಗೆ ಆಗ ಗಮನಕ್ಕೆ ಬಂತು. ಹಿಂದಿನಿಂದ ಹೊರಡುವ ಮೊದಲ ಪಾಸು ಯಾರಿಗೆ ಹೋಗಬೇಕೆಂದು ಕಣ್ಣೆತ್ತಿ ಹುಡುಕುವಂತಿರಬಾರದು, ಅದಕ್ಕೇ ಐವರನ್ನೂ ಒಂದೇ ಕಟ್ಟು ಮಾಡಿದ್ದರು.

ಇದೆಲ್ಲ ಕಂಡರೂ ನನ್ನ ಸಿಟ್ಟು ಇಳಿಯಲಿಲ್ಲ. ಬೆಂಚಿಗೆ ಬಂದ ಮೇಲೂ ಅವಳು ಅಕ್ಕನ ಮುಖದ ಹತ್ತಿರ ಬೆರಳಾಡಿಸುತ್ತ, ಅಲ್ಲಿ ಯಾಕೆ ನಿಂತೆ, ಮಲಗಿದ್ದೆಯಾ ಎಂದು ದಬಾಯಿಸುತ್ತಿದ್ದಳು. ಐವತ್ತೆರಡು ವರ್ಷದವರಿಗೆ! ಆಟ ಮುಗಿಯುತ್ತಿದ್ದ ಹಾಗೆ ಅವಳ ಹಿಂದೆ ಪಾರ್ಕಿಂಗ್‌ವರೆಗೆ ಹೋದೆ. "ನಿನಗೆ ಒಂದು ವಿಷಯ ಹೇಳಬೇಕು, ಅವರ ಬಗ್ಗೆ" ಎಂದು ಶುರುಮಾಡಿದೆ. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ. "ಬಾ ಇಲ್ಲೆ. ಕಾರ್ ತಗಿ." ನಾನು ಅರ್ಧಕ್ಕೇ ಬಿಟ್ಟು ಬಂದೆ.

ಕಾರಿನಲ್ಲಿ ಕೂತ ಮೇಲೂ ಅಕ್ಕ ಸೀಟ್ ಬೆಲ್ಟ್ ಹಾಕಲಿಲ್ಲ. ನಾನೂ ಸ್ಟಾರ್ಟ್ ಮಾಡಲಿಲ್ಲ.

"ಎಲ್ಲಾರಿಗೂ ಹೇಳಿದ್ದಿ ಅಲ್ಲ ನೀ?" ಎಂದರು.

ನಾನು ಕೀ ಹಾಕಲು ಹೋದೆ.

"ನಂಗ ಗೊತ್ತಾಗೂದಿಲ್ಲೇನು? ನಾ ಬಂದ್ರ ಎಲ್ಲಾರೂ ಮುಖ ಸಣ್ಣ ಮಾಡ್ಕೊಂತಾರ. ನಾ ಬಿದ್ರ ಯಾರೂ ನಗೂದಿಲ್ಲ. ಮತ್ತ್ಯಾರರ ಬಿದ್ರ ಬಿದ್ದು ಬಿದ್ದು ನಗ್ತಾರ. ನಾ ಪಕ್ ಬಿಟ್ಟುಕೊಟ್ರ, ಇಟ್ಸ್ ಓಕೆ ಇಟ್ಸ್ ಓಕೆ ಅಂತಾರ. ನಿಮ್ಮ ಭಾವ ಹೋಗಿ ಮೂರು ವರ್ಷದ ಮ್ಯಾಲಾತು. ಅವತ್ತಿನಿಂದ ನನ್ನ ಮ್ಯಾಲೆ ಒಬ್ಬರೂ ಒದರಿಲ್ಲ. ಇವತ್ತ ಈಕಿ ಒದರಿದ್ಲು."

"ಬೇಜಾರಾಯ್ತಾ ಅಕ್ಕ?"

"ಜೀವಕ್ಕ ಹಾಯ್ ಅನಿಸ್ತು." ಈಗ ಬೆಲ್ಟ್ ಎಳೆದುಕೊಂಡರು. "ಆಕಿಗೆ ಮಾತ್ರ ಹೇಳಬ್ಯಾಡ. ಕೈ ಮುಗಿತೀನಿ."

ನಾನು ಸ್ಟೇರಿಂಗ್ ಹಿಡಿದುಕೊಂಡು ಅತ್ತೆ. ನಾಚಿಕೆಗೆ ಅತ್ತೆ, ಮುಚ್ಚಿಡುವುದೇನಿದೆ. ಅವರನ್ನು ಉಳಿಸಿಕೊಳ್ಳಲು ಹೋಗಿ ಆ ಕುರ್ಚಿಯನ್ನು ರಿಂಕ್‌ಗೂ ಹೊತ್ತುಕೊಂಡು ಬಂದವಳು ನಾನೇ.

ಗ್ಲೆಂಡೇಲ್‌ನವಳಿಗೆ ನಾನು ಹೇಳಲಿಲ್ಲ. ಅವರಿಬ್ಬರ ಜೋಡಿ ಕುದುರಿತು. ಅಕ್ಕ ಕೂಡ ಕೂಗಲು ಕಲಿತರು. ಮೊದಲು ಬರೀ "ಹೇ" ಎನ್ನುತ್ತಿದ್ದವರು ಮೂರನೆಯ ವಾರಕ್ಕೆ ಅವಳನ್ನು ಧಾರವಾಡದ ಕನ್ನಡದಲ್ಲೇ ಬೈಯುತ್ತಿದ್ದರು, ಅವಳಿಗೆ ಅದು ಹೇಗೋ ತಿಳಿಯುತ್ತಿತ್ತು. ಬೆಂಚಿನಲ್ಲಿ ಒಬ್ಬರ ನೀರಿನ ಬಾಟಲಿ ಒಬ್ಬರು ಕಿತ್ತುಕೊಂಡು ಕುಡಿಯುತ್ತಿದ್ದರು. ನನಗೆ ಹೊಟ್ಟೆ ಉರಿಯಿತು, ಅದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ನಾನು "ನಿಮಗೆ ಹೇಗೆ ಬೇಕೋ ಹಾಗೆ", ಅವರು "ಚೊಲೋ ಆಗೈತಿ."

ಆ ವಸಂತದಲ್ಲಿ ಸ್ಯಾನ್ ಡಿಯೇಗೋದಲ್ಲಿ ಒಂದು ಆಟ ಇತ್ತು. ಭಾವ ಆಡುತ್ತಿದ್ದ ರಿಂಕ್. ನಾವು ಬೆಳಿಗ್ಗೆ ಆರಕ್ಕೇ ಹೊರಟೆವು. ಒಳಗೆ ಕಾಲಿಟ್ಟ ಕೂಡಲೇ ಅಕ್ಕ ಮೂರನೆಯ ಸಾಲಿನ ಮೆಟ್ಟಿಲು ತೋರಿಸಿ, "ಅಲ್ಲೇ ಕುಂದರ್ತಿದ್ದೆ. ಕಾಲು ಮರಗಟ್ಟಿ ಹೋಗ್ತಿದ್ವು" ಎಂದರು. ಆಟ ಶುರುವಾಗುವ ಹೊತ್ತಿಗೆ ಅಕ್ಕನ ಮಗಳು ಬಂದು ಅದೇ ಸಾಲಿನಲ್ಲಿ ಕೂತಳು. ಅಮ್ಮ ಆಡುವುದನ್ನು ಅವಳು ನೋಡುತ್ತಿದ್ದದ್ದು ಅದೇ ಮೊದಲು.

ನಾವು ಮೂರು, ಅವರು ಎರಡು. ಇನ್ನು ಎರಡೇ ನಿಮಿಷ ಎನ್ನುವಾಗ ಗ್ಲೆಂಡೇಲ್‌ನವಳು ಎದುರಿನವಳ ಕಾಲಿಗೆ ಸ್ಟಿಕ್ ಕೊಟ್ಟು ಬೀಳಿಸಿದಳು. ಅವಳಿಗೆ ಶಿಕ್ಷೆ, ಉಳಿದ ಎರಡೂ ನಿಮಿಷ ಹೊರಗಿನ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂರಬೇಕು. ಅವಳ ಬದಲು ಇನ್ನೊಬ್ಬಳನ್ನು ಸೇರಿಸುವ ಹಾಗಿಲ್ಲ, ಇದ್ದವರಲ್ಲೇ ಒಬ್ಬರು ಕಡಿಮೆಯಾಗಿ ಆಡಬೇಕು. ಮುಂದೆ ಇಬ್ಬರು, ಹಿಂದೆ ಇಬ್ಬರು. ಕೋಚ್ ಬೆಂಚಿನ ಹಿಂದೆ ನಡೆದು ಬಂದು ಅಕ್ಕನ ಹೆಗಲು ತಟ್ಟಿದರು, ಆಮೇಲೆ ನನ್ನ ಹೆಗಲು ತಟ್ಟಿದರು.

"ನಾವಿಬ್ಬರಾ?" ಎಂದೆ.

"ಬಾಯಿ ಬಿಡು" ಎಂದರು ಕೋಚ್. ಅಷ್ಟೇ.

ಇಳಿದೆವು. ಪಕ್ ಮೂಲೆಗೆ ಹೋಯಿತು. ಅಕ್ಕನ ಕಡೆಯ ಮೂಲೆ, ಆದರೆ ಹತ್ತಿರ ಇದ್ದವಳು ನಾನು. ಇಬ್ಬರೂ ಅದಕ್ಕೇ ಹೊರಟಿದ್ದೆವು, ಗೋಲ್ ಮುಂದೆ ಎದುರು ತಂಡದವಳೊಬ್ಬಳು ಆರಾಮಾಗಿ ಬಂದು ನಿಲ್ಲುತ್ತಿದ್ದಳು. ಹಳೆಯ ವಾಕ್ಯ ನಾಲಿಗೆಯ ತುದಿಗೆ ಬಂತು, ಅಕ್ಕ ನೀವು ಇರಿ. ಅದನ್ನು ನುಂಗಿದೆ. ವಠಾರದ ನಲ್ಲಿಯ ಮುಂದೆ ನಿಂತಾಗಿನ ಗಂಟಲು ಎಲ್ಲಿತ್ತೋ, ಎದ್ದು ಬಂತು.

"ಏಯ್, ಬಿಡೇ! ನಂದು! ಗೋಲ್ ಹತ್ರ ಹೋಗು!"

ಅಕ್ಕ ಗಕ್ಕನೆ ತಿರುಗಿದರು. ನಾನು ಗೋಡೆಗೆ ಮುಖ ಮಾಡಿ ಪಕ್ ತಡೆದೆ. ಹಿಂದೆ ಯಾರೋ ಬರುತ್ತಿದ್ದಾರೆ, ಸ್ಕೇಟಿನ ಸದ್ದು ಕೇಳುತ್ತಿದೆ. ನಾನು ಅಭ್ಯಾಸ ಬಲದಿಂದ ಅಕ್ಕ ಎಲ್ಲಿದ್ದಾರೆ ಎಂದು ಕತ್ತು ಹೊರಳಿಸಿದೆ. ಗೋಲ್ ಮುಂದೆ ನಿಂತವಳ ಸ್ಟಿಕ್ಕನ್ನು ತಮ್ಮ ಸ್ಟಿಕ್ಕಿನಿಂದ ಎತ್ತಿ ಹಿಡಿದಿದ್ದ ಅಕ್ಕ ಅಲ್ಲಿಂದಲೇ ಗುಡುಗಿದರು.

"ನನ್ನ ಮುಖ ಏನ್ ನೋಡ್ತಿ? ಎಡಕ್ಕ ಹೊಡಿ! ಎಡಕ್ಕ!"

ಎಡಕ್ಕೆ ಹೊಡೆದೆ. ಪಕ್ ಗೋಡೆಗುಂಟ ಹೋಗಿ ಆಚೆ ತುದಿ ಸೇರಿತು. ಹೀಗೆ ಇನ್ನೂ ಎರಡು ಸಲ. ಪ್ರತಿ ಸಲವೂ ಇಬ್ಬರೂ ಗಂಟಲು ಹರಿಯುವಂತೆ ಒದರಿದೆವು. ಗಂಟೆ ಹೊಡೆದಾಗ ಮೂರು–ಎರಡೇ ಇತ್ತು. ಗ್ಲೆಂಡೇಲ್‌ನವಳು ಶಿಕ್ಷೆಯ ಪೆಟ್ಟಿಗೆಯಿಂದ ಹಾರಿ ಬಂದು ಅಕ್ಕನ ಹೆಲ್ಮೆಟ್ಟಿಗೆ ರಪ್ಪನೆ ಬಾರಿಸಿದಳು. ಮಗಳು ಗಾಜಿನ ಹತ್ತಿರ ಇಳಿದು ಬಂದಿದ್ದಳು. "ಅಮ್ಮಾ, ಯೂ ವರ್ ಯೆಲ್ಲಿಂಗ್!" ಎನ್ನುತ್ತ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಸಂಜೆಗೆ ಮನೆ ಮುಟ್ಟಿದೆವು. ನಾನೇ ಸಾರು ಮಾಡಿದೆ. ಅಡುಗೆಮನೆಯ ಕಟ್ಟೆಯ ಮುಂದೆ ನಿಂತೇ ಅಕ್ಕ ಅನ್ನಕ್ಕೆ ಕಲಸಿ ಒಂದು ತುತ್ತು ತಿಂದರು. ನಾನು "ಚೊಲೋ ಆಗೈತಿ"ಗಾಗಿ ಕಾಯದೆ ಪಾತ್ರೆ ತೊಳೆಯಲು ತಿರುಗಿದ್ದೆ.

"ಸಪ್ಪಗ ಐತಿ" ಎಂದರು.

ನಲ್ಲಿ ನಿಲ್ಲಿಸಿದೆ. "ಏನಂದ್ರಿ?"

"ಉಪ್ಪಿಲ್ಲ, ಖಾರಿಲ್ಲ. ಇವತ್ತಷ್ಟ ಅಲ್ಲ, ಮೂರು ವರ್ಷದಿಂದ ಸಪ್ಪಗ ಐತಿ."

"ಮತ್ತೆ ದಿನಾ ಚೊಲೋ ಆಗೈತಿ, ಚೊಲೋ ಆಗೈತಿ ಅಂತಿದ್ರಲ್ಲ!"

"ನಿನ್ನ ಮನ್ಯಾಗ ಕುಂತು ಉಣ್ಣಾಕಿ ನಾನು. ಮತ್ತೇನಂತ ಹೇಳ್ಲಿ?"

ಆ ಮಾತು ನನ್ನನ್ನು ಚುಚ್ಚಿದಷ್ಟು ಆ ವರ್ಷಗಳಲ್ಲಿ ಯಾವುದೂ ಚುಚ್ಚಿರಲಿಲ್ಲ. ನಾನೊಬ್ಬಳೇ ಮೆಲ್ಲಗೆ ನಡೆಯುತ್ತಿದ್ದೇನೆ ಅಂದುಕೊಂಡಿದ್ದೆ. ಅವರೂ ನನ್ನ ಮನೆಯಲ್ಲಿ ಅಷ್ಟು ದಿನ ಹೆಜ್ಜೆಯ ಸದ್ದಾಗದಂತೆ ನಡೆದಿದ್ದರು.

"ನನ್ನ ಮನೆನಾ? ಯಾರಂದ್ರು ನನ್ನ ಮನೆ ಅಂತ?" ನನ್ನ ದನಿ ಏರಿತು, ಇಳಿಸಲಿಲ್ಲ. "ಮೂರು ವರ್ಷ ಸುಳ್ಳು ಹೇಳ್ಕೊಂಡು ಊಟ ಮಾಡಿದ್ರಾ? ನಾಚಿಕೆ ಆಗಲ್ವಾ ನಿಮಗೆ?"

"ನಿಂಗ ಆಗೂದಿಲ್ಲೇನು? ಊರಿಗೆಲ್ಲಾ ನನ್ನ ಕಥಿ ಹೇಳ್ಕೊಂತ ತಿರುಗಿದಾಕಿ!"

"ಹೇಳ್ತೀನಿ! ಇನ್ನೂ ಹೇಳ್ತೀನಿ! ಉಪ್ಪು ಬೇಕಾದ್ರೆ ಡಬ್ಬಿ ಅಲ್ಲಿದೆ, ಕೈ ಇಲ್ವಾ?"

ಅಕ್ಕ ಸಾರಿನ ಪಾತ್ರೆಯನ್ನು ದಢಕ್ಕನೆ ಒಲೆಯ ಮೇಲಿಟ್ಟು, ಡಬ್ಬಿಯಿಂದ ಉಪ್ಪು ತೆಗೆದು ಹಾಕಿದರು. ಆಮೇಲೆ ಖಾರದ ಪುಡಿ. ನಾನು ಅವರ ಕೈ ಹಿಡಿದುಕೊಂಡೆ, ಅವರು ಕೊಸರಿಕೊಂಡರು. ಸೌಟು ಕೆಳಗೆ ಬಿತ್ತು. ಮೂರನೆಯ ಮನೆಯ ನಾಯಿ ಬೊಗಳತೊಡಗಿತು.

ಹಾಲ್‌ನಲ್ಲಿ ಟಿವಿ ನಿಂತಿತು. ನನ್ನ ಗಂಡ ಎದ್ದು ಬಂದು ಬಾಗಿಲ ಆಚೆ ನಿಂತದ್ದು ನಮಗೆ ಗೊತ್ತಾಯಿತು. ಒಳಗೆ ಬರಲು ಅವನಿಗೆ ಧೈರ್ಯ ಸಾಲಲಿಲ್ಲ. ಅಲ್ಲಿಂದಲೇ, ಅಣ್ಣನದೇ ದನಿಯಲ್ಲಿ, ಮೆಲ್ಲಗೆ ಕೇಳಿದ.

"ಏ, ಒಳಗ ರೆಫ್ರಿ ಬೇಕೇನು?"

ನಾವಿಬ್ಬರೂ ನಿಂತಲ್ಲೇ ನಿಂತೆವು. ಅಕ್ಕನ ಕೈಯಲ್ಲಿ ಖಾರದ ಚಮಚ ಇತ್ತು. ಅವರ ಕಣ್ಣಿನಿಂದ ನೀರು ಇಳಿಯಿತು, ಅದನ್ನು ಅವರು ಒರೆಸಿಕೊಳ್ಳಲಿಲ್ಲ.

"ಬ್ಯಾಡ!" ಎಂದು ಕೂಗಿದರು. "ನೀ ಹೋಗಿ ಕುಂದರ. ನಮ್ದು ಇನ್ನಾ ಮುಗಿದಿಲ್ಲ."